ಹಿಮ ತೂರುವ ಯಂತ್ರ: ದೂರದ ಲೆಕ್ಕ

ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮೊರದಿಂದ ಗಾಳಿಗೆ ಸುರಿದಾಗ ಕಾಳು ಕಾಲಬುಡದಲ್ಲಿ ಬೀಳುತ್ತದೆ. ಹೊಟ್ಟು ದೂರ ಸಾಗುತ್ತದೆ. ಆದರೆ ಗಾಳಿಯಿಲ್ಲದ ಹೊತ್ತಿನಲ್ಲಿ ಅವೆರಡನ್ನೂ ಹಿಡಿಹಿಡಿಯಾಗಿ ಬಲವಾಗಿ ಎಸೆದು ನೋಡಿದರೆ ಫಲ ತಲೆಕೆಳಗಾಗುವುದು: ಕಾಳು ದೂರ ಹಾರುವುದು, ಹೊಟ್ಟು ಕೈಯೆದುರಿಗೇ ಉದುರುವುದು. ಹಗುರವಾದುದನ್ನು ದೂರ ಎಸೆಯುವುದು ಸುಲಭವೆಂದು ತೋರಿದರೂ ವಾಸ್ತವವಾಗಿ ಅದೇ ಕಷ್ಟ. ಪ್ರತಿ ಚಳಿಗಾಲದಲ್ಲಿಯೂ ಈ ಕಷ್ಟವನ್ನು ಎದುರಿಸುವ ಒಂದು ಯಂತ್ರದ ವಿಚಾರವನ್ನು ಇಲ್ಲಿ ವಿವರಿಸಲು ಉದ್ದೇಶಿಸಿದೆ.

ಕೆನಡದಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿಯೂ ಅನೇಕ ಮನೆಗಳು ರಸ್ತೆಯಿಂದ ಒಳಗೆ, ಸ್ವಂತ ಓಣಿಯ ತುದಿಯಲ್ಲಿರುತ್ತವೆ. ಈ ಓಣಿಯನ್ನು ತೆರವು ಮಾಡಿಕೊಳ್ಳುವ ಹೊಣೆ ಮನೆಯವರದು. ೨೦೨೨ರ ನವೆಂಬರಿನಲ್ಲಿ ಬಫಲೊ ನಗರದ ಸಮೀಪದ ಆರ್ಚರ್ಡ್ ಪಾರ್ಕಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು ೮೦ ಅಂಗುಲ, ಎಂದರೆ ಎರಡು ಮೀಟರು ಹಿಮ ಬಿದ್ದಿತು. ಮರುತಿಂಗಳು ಅದೇ ಪ್ರದೇಶದಲ್ಲಿ ಎದ್ದ ಹಿಮಮಾರುತದಲ್ಲಿ ೪೦ಕ್ಕೂ ಹೆಚ್ಚು ಮಂದಿ ಮಡಿದರು. ನೆರವಿಗೆ ಹೊರಟ ವಾಹನಗಳೇ ಹಿಮದಲ್ಲಿ ಸಿಕ್ಕಿಬಿದ್ದವು. ಇಂತಹ ಕಡೆ ಬಾಗಿಲಿನಿಂದ ರಸ್ತೆಯವರೆಗಿನ ದಾರಿ ತೆರೆದಿರುವುದು ಕೇವಲ ಅನುಕೂಲದ ಮಾತಲ್ಲ. ಕೆಲವೊಮ್ಮೆ ಪ್ರಾಣದ ಮಾತು.

ಮೂವತ್ತು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಓಣಿಯಲ್ಲಿ ಮೂವತ್ತು ಸೆಂಟಿಮೀಟರು ಹಿಮ ಬಿದ್ದಿದೆಯೆಂದು ಭಾವಿಸೋಣ. ಅದರ ಗಾತ್ರ ೩೬ ಘನಮೀಟರು. ಘನಮೀಟರಿಗೆ ೧೦೦ ಕಿಲೋಗ್ರಾಂ ತೂಗುವ ಒಣ ಹಿಮವಾದರೆ ೩.೬ ಟನ್ನು, ೩೦೦ ಕಿಲೋಗ್ರಾಂ ತೂಗುವ ಒದ್ದೆ ಹಿಮವಾದರೆ ೧೦.೮ ಟನ್ನು. ಇಷ್ಟನ್ನು ಸಲಿಕೆಯಿಂದ ಎತ್ತುವುದು ದುರ್ಬಲ ಹೃದಯದವರಿಗೆ ಅಪಾಯಕರ. ಆದಕಾರಣ ಅನೇಕರು ತೋಟದ ಚಿಕ್ಕ ಟ್ರಾಕ್ಟರಿನ ಮುಂದೆ ಹಿಮ ತೂರುವ ಯಂತ್ರವನ್ನು ಜೋಡಿಸಿಕೊಳ್ಳುತ್ತಾರೆ. ಆದರೆ ಅದು ಎಸೆದ ಹಿಮ ಓಣಿಯ ಆಚೆ ಬೀಳದೆ ಒಳಗೇ ಬಿದ್ದರೆ ಅದನ್ನು ಎರಡನೆಯ ಸಲ, ಮೂರನೆಯ ಸಲ ಎತ್ತಬೇಕಾಗುತ್ತದೆ. ಚಳಿಗಾಲ ಮುಂದುವರಿದಂತೆ ಅಂಚಿನ ದಿಬ್ಬಗಳು ಆಳೆತ್ತರಕ್ಕೆ ಬೆಳೆದು ಹಿಮವನ್ನು ಅವುಗಳ ಮೇಲಿಂದ ದಾಟಿಸಬೇಕಾಗುತ್ತದೆ. ಯಂತ್ರ ಎಷ್ಟು ದೂರ ಎಸೆಯುವುದೆಂಬ ಪ್ರಶ್ನೆಗೆ ಇಷ್ಟು ಮಹತ್ತ್ವ ಬಂದಿರುವುದು ಇದರಿಂದಲೇ.

ಯಂತ್ರದ ರಚನೆ

ತಿರುಗುವ ಚಕ್ರದಿಂದ ಹಿಮವನ್ನು ಎಸೆಯುವ ಆಲೋಚನೆ ಹಳೆಯದು. ರೈಲು ಹಳಿಗಳನ್ನು ತೆರವುಗೊಳಿಸಲು ಅಂತಹ ಯಂತ್ರವೊಂದನ್ನು ೧೮೬೯ರಲ್ಲಿ ಕಲ್ಪಿಸಿದವನು ಟೊರಾಂಟೊ ನಗರದ ಒಬ್ಬ ದಂತವೈದ್ಯ, ಜೆ. ಡಬ್ಲ್ಯು. ಎಲಿಯಟ್. ರಸ್ತೆಗಳಿಗೆ ಒದಗುವ ಯಂತ್ರವನ್ನು ೧೯೨೫ರಲ್ಲಿ ನಿರ್ಮಿಸಿದವನು ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್. ನಮ್ಮ ದೇಶದಲ್ಲಿಯೂ ಜೋಜಿ ಲಾ ಮುಂತಾದ ಹಿಮಾಲಯದ ಕಣಿವೆದಾರಿಗಳನ್ನು ತೆರೆಯಲು ಗಡಿ ರಸ್ತೆಗಳ ಸಂಸ್ಥೆಯವರು ಇದೇ ತತ್ತ್ವದ ದೊಡ್ಡ ಯಂತ್ರಗಳನ್ನು ಉಪಯೋಗಿಸುತ್ತಾರೆ.

ತೋಟದ ಟ್ರಾಕ್ಟರಿಗೆ ಜೋಡಿಸುವ ಎರಡು ಹಂತದ ಯಂತ್ರದಲ್ಲಿ ಮುಂಭಾಗದ ಸುರುಳಿಯಾಕಾರದ ತಿರುಪು ಮೆಲ್ಲನೆ ತಿರುಗುತ್ತ ಹಿಮವನ್ನು ಕೊರೆದು ನಡುವಿಗೆ ತಳ್ಳುತ್ತದೆ. ಅದರ ಹಿಂದೆ ದುಂಡನೆಯ ಕವಚದೊಳಗೆ ಅಲಗುಗಳುಳ್ಳ ಬೀಸುಚಕ್ರವೊಂದು ರಭಸದಿಂದ ಸುತ್ತುತ್ತ ಆ ಹಿಮವನ್ನು ಮೇಲಿನ ಕೊಳವಿಗೆ ಚಿಮ್ಮಿಸುತ್ತದೆ. ಕವಣೆಯಿಂದ ಕಲ್ಲು ಚಿಮ್ಮುವಂತೆಯೇ ಇದು. ಬ್ಲೋಯರ್, ಎಂದರೆ ಊದುವ ಯಂತ್ರ, ಎಂದು ಇದಕ್ಕೆ ಹೆಸರಿದ್ದರೂ ಇದು ಊದುವುದಿಲ್ಲ, ಎಸೆಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಚಕ್ರದ ವ್ಯಾಸ ೩೦ ಸೆಂಟಿಮೀಟರು, ಸುತ್ತು ನಿಮಿಷಕ್ಕೆ ೧,೦೦೦ ಎಂದಿಟ್ಟುಕೊಂಡರೆ ಅಲಗಿನ ತುದಿಯ ವೇಗ ಸೆಕೆಂಡಿಗೆ ೧೫.೭ ಮೀಟರು. ಗಾಳಿಯ ತಡೆಯೇ ಇಲ್ಲದ ಕಡೆ ಇದೇ ವೇಗದಲ್ಲಿ ೪೫ ಡಿಗ್ರಿ ಕೋನದಲ್ಲಿ ಹೊರಟ ವಸ್ತು ಸುಮಾರು ೨೫ ಮೀಟರು ದೂರ ಹೋಗಿ ಬೀಳಬೇಕು. ಆದರೆ ಮನೆಬಳಕೆಯ ಯಂತ್ರ ೧೦–೧೨ ಮೀಟರು ಎಸೆದರೆ ಒಡೆಯನು ಸಂತೋಷಪಡುತ್ತಾನೆ. ಉಳಿದರ್ಧ ದೂರ ಎಲ್ಲಿ ಕಳೆದುಹೋಯಿತು? ಇದನ್ನು ತಿಳಿದವನು ದೊಡ್ಡ ಎಂಜಿನ್ನನ್ನು ಕೊಳ್ಳುವ ಮೊದಲು ನಾಲ್ಕು ಸ್ಥಳಗಳನ್ನು ಪರೀಕ್ಷಿಸುತ್ತಾನೆ.

ನಾಲ್ಕು ಸೋರಿಕೆಗಳು

ಮೊದಲನೆಯದು ಚಕ್ರದ ವೇಗ. ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೇಗ ನೂರಕ್ಕೆ ಹತ್ತರಷ್ಟು ಕುಗ್ಗಿದರೆ ಲೆಕ್ಕದ ದೂರ ನೂರಕ್ಕೆ ಹತ್ತೊಂಬತ್ತರಷ್ಟು ಕುಗ್ಗುವುದು. ಸವೆದ ಬೆಲ್ಟು ರಾಟೆಯ ಮೇಲೆ ಜಾರುತ್ತಿದ್ದರೆ ಎಂಜಿನ್ನಿನ ಸದ್ದು ಗಟ್ಟಿಯಾಗಿಯೇ ಕೇಳಿಸುತ್ತಿರುತ್ತದೆ. ಚಕ್ರ ಮಾತ್ರ ನಿಧಾನವಾಗಿರುತ್ತದೆ. ಆದ್ದರಿಂದ ಬೆಲ್ಟನ್ನು ಬಿಗಿಗೊಳಿಸುವುದು, ಇಲ್ಲವೆ ಬದಲಾಯಿಸುವುದು, ಎಂಜಿನ್ನನ್ನು ತಯಾರಕರು ವಿಧಿಸಿದ ಪೂರ್ಣ ವೇಗದಲ್ಲಿ ನಡೆಸುವುದು, ಇವು ಅತಿ ಕಡಮೆ ಖರ್ಚಿನ ಸುಧಾರಣೆಗಳು.

ಎರಡನೆಯದು ಅಲಗಿನ ತುದಿಗೂ ಕವಚಕ್ಕೂ ನಡುವಣ ಸಂದು. ಅನೇಕ ಯಂತ್ರಗಳಲ್ಲಿ ಇದು ಆರು ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು. ಒದ್ದೆ ಹಿಮ ಈ ಸಂದಿನಿಂದ ಹಿಂದಕ್ಕೆ ಜಾರಿ, ಹೊರಬೀಳದೆ ಕವಚದೊಳಗೇ ಸುತ್ತುತ್ತ ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಪರಿಹಾರ ಸರಳ: ನೂಲಿನ ಪದರವುಳ್ಳ ಗಟ್ಟಿ ರಬ್ಬರಿನ ತುಂಡುಗಳನ್ನು ಅಲಗುಗಳಿಗೆ ಬೋಲ್ಟಿನಿಂದ ಬಿಗಿದು, ಅವುಗಳ ಅಂಚು ಕವಚವನ್ನು ಸೋಕುವಂತೆ ಮಾಡುವುದು. ರಬ್ಬರು ಕೆಲಕಾಲದಲ್ಲಿ ಸವೆದು ಕವಚದ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಎದುರುಬದುರು ಅಲಗುಗಳ ಮೇಲಿನ ತುಂಡುಗಳೂ ಬೋಲ್ಟುಗಳೂ ಸಮತೂಕವಾಗಿರಬೇಕು. ಇಲ್ಲವಾದರೆ ಚಕ್ರ ನಡುಗಿ ಬೇರಿಂಗುಗಳು ಕೆಡುವುವು. ಒಣ ಹಿಮದಲ್ಲಿ ಇದರ ಲಾಭ ಸ್ವಲ್ಪ. ನೀರುಗೂಡಿದ ಹಿಮದಲ್ಲಿ ಕಣ್ಣಿಗೆ ಕಾಣುವಷ್ಟು.

ಮೂರನೆಯದು ಕೊಳವಿ. ಅಲ್ಲಿ ಬಣ್ಣ ಎದ್ದು ತುಕ್ಕು ಹಿಡಿದಿದ್ದರೆ ಹಿಮ ಅಂಟಿಕೊಂಡು ಹಿಂದಿನಿಂದ ಬರುವ ಹಿಮವನ್ನು ತಡೆಯುತ್ತದೆ. ತುಕ್ಕನ್ನು ಉಜ್ಜಿ ತೆಗೆದು, ಬಣ್ಣ ಹಚ್ಚಿ, ಮೇಲೆ ಮೇಣ ಬಳಿದರೆ ಘರ್ಷಣೆ ಕಡಮೆಯಾಗುವುದು. ಬೆಚ್ಚನೆಯ ಕೊಟ್ಟಿಗೆಯಿಂದ ಆಗತಾನೆ ಹೊರತಂದ ಯಂತ್ರದ ಲೋಹಕ್ಕೆ ತಗುಲಿದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ದಾರಿ ಕಟ್ಟುವುದುಂಟು. ಆದ್ದರಿಂದ ಯಂತ್ರವನ್ನು ಕೆಲಹೊತ್ತು ಹೊರಗಿಟ್ಟು ತಣಿಸಿಯೇ ಕೆಲಸಕ್ಕೆ ತೊಡಗಬೇಕು. ಕೊಳವಿಯ ತುದಿಯ ಮುಚ್ಚಳವನ್ನು ಹೆಚ್ಚು ಬಾಗಿಸಿದರೆ ಹಿಮ ಅದಕ್ಕೆ ಬಡಿದು ವೇಗ ಕಳೆದುಕೊಳ್ಳುತ್ತದೆ.

ನಾಲ್ಕನೆಯದು ಗಾಳಿ, ಎಲ್ಲಕ್ಕಿಂತ ದೊಡ್ಡ ಕಳ್ಳ ಇದೇ. ಕಾಳು-ಹೊಟ್ಟಿನ ನ್ಯಾಯ ಇಲ್ಲಿ ಅನ್ವಯಿಸುತ್ತದೆ. ಪುಡಿಪುಡಿಯಾಗಿ ಹೊರಟ ಹಿಮಕ್ಕೆ ತೂಕ ಕಡಮೆ, ಗಾಳಿಗೆ ಒಡ್ಡಿದ ಮೈ ಹೆಚ್ಚು. ಅದು ಬೇಗನೆ ನಿಂತುಹೋಗುತ್ತದೆ. ಒತ್ತಾಗಿ, ಒಂದೇ ಧಾರೆಯಾಗಿ ಹೊರಟ ಹಿಮ ದೂರ ಸಾಗುತ್ತದೆ. ಆದುದರಿಂದ ಟ್ರಾಕ್ಟರನ್ನು ತೀರ ನಿಧಾನವಾಗಿ ನಡೆಸಿ ಚಕ್ರಕ್ಕೆ ಚಿಟಿಕೆ ಚಿಟಿಕೆಯಾಗಿ ಹಿಮ ಉಣಿಸುವುದೂ ತಪ್ಪು. ಎಂಜಿನ್ನು ಏದುಸಿರು ಬಿಡುವಷ್ಟು ತುರುಕುವುದೂ ತಪ್ಪು. ಎಂಜಿನ್ನಿನ ಸ್ವರ ಕುಗ್ಗದಿರುವ ಮಿತಿಯೊಳಗೆ ಹೊಟ್ಟೆ ತುಂಬ ಉಣಿಸಬೇಕು. ಗಾಳಿ ಬೀಸುವ ದಿಕ್ಕಿಗೇ ಎಸೆಯಬೇಕು. ಗಾಳಿಯ ತಡೆಯಿರುವುದರಿಂದ ೪೫ ಡಿಗ್ರಿಗಿಂತ ತುಸು ಕೆಳಗಿನ ಕೋನವೇ ಮೇಲು.

ವರ್ಗನಿಯಮದ ಇನ್ನೊಂದು ಮುಖ

ಇಷ್ಟಾದ ಮೇಲೂ ತೃಪ್ತರಾಗದ ಕೆಲವರು ರಾಟೆಯನ್ನೇ ಬದಲಾಯಿಸುತ್ತಾರೆ. ಎಂಜಿನ್ನಿನ ಕಡೆಯ ರಾಟೆ ೧೦ ಸೆಂಟಿಮೀಟರಿನಿಂದ ೧೨ಕ್ಕೆ ದೊಡ್ಡದಾದರೆ ಚಕ್ರದ ವೇಗ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುವುದು. ಲೆಕ್ಕದ ದೂರ ನೂರಕ್ಕೆ ನಲವತ್ತನಾಲ್ಕರಷ್ಟು ಹೆಚ್ಚುವುದು. ಗಾಳಿಯ ತಡೆಯಿಂದಾಗಿ ನಿಜವಾದ ಲಾಭ ಇದಕ್ಕಿಂತ ಕಡಮೆ. ಆದರೆ ಒಂದೊಂದು ಕಿಲೋಗ್ರಾಂ ಹಿಮಕ್ಕೂ ತಗಲುವ ಶಕ್ತಿ ಅದೇ ನಲವತ್ತನಾಲ್ಕರಷ್ಟು ಏರುತ್ತದೆ. ಅಲಗುಗಳನ್ನು ಅಚ್ಚಿನಿಂದ ಹೊರಕ್ಕೆ ಕೀಳುವ ಬಲವೂ ಅಷ್ಟೇ ಏರುತ್ತದೆ. ಎಂಜಿನ್ನಿಗೆ ಹೆಚ್ಚುವರಿ ಶಕ್ತಿಯಿಲ್ಲದಿದ್ದರೆ ಭಾರ ಬಿದ್ದೊಡನೆ ಚಕ್ರ ಮೊದಲಿಗಿಂತಲೂ ನಿಧಾನವಾಗಬಹುದು. ಬೆಸುಗೆ ದುರ್ಬಲವಾಗಿದ್ದರೆ ಅಲಗು ಸಿಡಿಯಬಹುದು. ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರದಿರುವುದೇ ವಿವೇಕ.

ಮತ್ತೊಂದು ಮಾತು. ಹಿಮದೊಡನೆ ಜಲ್ಲಿಯ ಕಲ್ಲೊಂದು ಒಳಹೊಕ್ಕರೆ ಅದೂ ಅದೇ ವೇಗದಲ್ಲಿ ಹೊರಬರುತ್ತದೆ. ಹಿಮವನ್ನು ತಡೆದ ಗಾಳಿ ಕಲ್ಲನ್ನು ಅಷ್ಟಾಗಿ ತಡೆಯದು. ಹಿಮ ೧೨ ಮೀಟರಿನಲ್ಲಿ ಬಿದ್ದರೆ ಕಲ್ಲು ಅದರ ಇಮ್ಮಡಿ ದೂರದಲ್ಲಿರುವ ನೆರೆಮನೆಯ ಕಿಟಕಿಯನ್ನೋ ದಾರಿಹೋಕನನ್ನೋ ತಲುಪಬಹುದು. ಹಿಮ ಬೀಳುವ ಸ್ಥಳವನ್ನಷ್ಟೇ ನೋಡಿ ಅಪಾಯದ ಎಲ್ಲೆಯನ್ನು ಅಳೆಯಲಾಗದು.

ಕೊಳವಿ ಕಟ್ಟಿಕೊಂಡಾಗ ಕೈ ಹಾಕುವುದಂತೂ ಘೋರ ತಪ್ಪು. ಅಮೆರಿಕದಲ್ಲಿ ಪ್ರತಿ ವರ್ಷವೂ ಸಾವಿರಾರು ಜನ ಈ ಯಂತ್ರಗಳಿಂದ ಗಾಯಗೊಳ್ಳುತ್ತಾರೆ. ಬೆರಳು ಕಳೆದುಕೊಳ್ಳುವವರೂ ಉಂಟು. ಎಂಜಿನ್ನು ನಿಂತಿದ್ದರೂ ಬಿಗಿದ ಬೆಲ್ಟಿನಲ್ಲಿ ಅಡಗಿದ ಸೆಳೆತ, ಸಿಕ್ಕಿಕೊಂಡ ಹಿಮ ಸಡಿಲವಾದೊಡನೆ, ಚಕ್ರವನ್ನು ಥಟ್ಟನೆ ತಿರುಗಿಸಬಲ್ಲುದು. ಎಂಜಿನ್ನು ನಿಲ್ಲಿಸಿ, ಕಾದು, ಕೋಲಿನಿಂದಲೇ ಬಿಡಿಸಬೇಕು. ರಬ್ಬರು ಕಟ್ಟುವಂತಹ ದುರಸ್ತಿಗೆ ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೂ ಕಳಚಬೇಕು.

ಯಂತ್ರ ದೂರ ಎಸೆಯುವಂತೆ ಮಾಡಲು ಹೊಸ ಬಲವನ್ನು ತುಂಬುವುದಕ್ಕಿಂತ ಇರುವ ಬಲ ಸೋರದಂತೆ ಕಾಯುವುದು ಲಾಭಕರ. ಬಿಗಿಯಾದ ಬೆಲ್ಟು, ಮುಚ್ಚಿದ ಸಂದು, ನುಣುಪಾದ ಕೊಳವಿ, ಒತ್ತಾದ ಧಾರೆ: ಇವಿಷ್ಟು ಕೂಡಿಬಂದರೆ ಹಳೆಯ ಯಂತ್ರವೂ ಹಿಮವನ್ನು ದಿಬ್ಬದ ಆಚೆಗೆ ದಾಟಿಸೀತು, ಅಪರಾತ್ರಿಯಲ್ಲಿ ವೈದ್ಯರ ವಾಹನ ಬರಬೇಕಾದಾಗ ದಾರಿ ತೆರೆದಿದ್ದೀತು.