ಕಿಂಡಿಯೂ ಬಾಗಿಲೂ: ದೇವಾರಾಧನೆಯ ನೇರ ಪ್ರಸಾರದಲ್ಲಿ ದೂರನಿಯಂತ್ರಿತ ಕ್ಯಾಮೆರಾ

ಪೀಠಿಕೆ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಕಾಗಿನೆಲೆ ಕನ್ನಡಿಗರಿಗೆ ಕನಕದಾಸರ ಹೆಸರಿನಿಂದಲೇ ಪರಿಚಿತವಾದ ಊರು. ಉಡುಪಿಯ ದೇವಾಲಯದೊಳಗೆ ಪ್ರವೇಶ ದೊರೆಯದೆ ಹೊರಗೆ ನಿಂತು ಹಾಡಿದ ಆ ಭಕ್ತರ ಕಡೆಗೆ ವಿಗ್ರಹವೇ ತಿರುಗಿತೆಂದೂ, ಬಿರುಕುಬಿಟ್ಟ ಗೋಡೆಯ ಮೂಲಕ ಅವರಿಗೆ ದರ್ಶನವಾಯಿತೆಂದೂ ಐತಿಹ್ಯವಿದೆ. ‘ಕನಕನ ಕಿಂಡಿ’ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಗೆ ತರುತ್ತದೆ. ಹೊರಗಿದ್ದವರಿಗೂ ಕಾಣುವ ದಾರಿ ದೊರೆಯಿತು. ಆದರೆ ಬಾಗಿಲು ತೆರೆಯಲಿಲ್ಲ.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ನಮ್ಮ ಸಭೆಗಳೂ ಅವಸರದಲ್ಲಿ ಒಂದು ಕಿಂಡಿಯನ್ನು ಕೊರೆದವು. ಆ ವರ್ಷ ಏಪ್ರಿಲ್ 12ರ ಪುನರುತ್ಥಾನದ ಹಬ್ಬವನ್ನು ಅನೇಕರು ಮೊಬೈಲ್ ಪರದೆಯ ಮುಂದೆ ಕುಳಿತು ಆಚರಿಸಿದರು. ಜೂನ್ 8ರಿಂದ ಆರಾಧನಾ ಸ್ಥಳಗಳನ್ನು ತೆರೆಯಲು ಅನುಮತಿ ಬಂದ ಮೇಲೂ ಕಿಂಡಿ ಮುಚ್ಚಲಿಲ್ಲ. ಹಾಸಿಗೆ ಹಿಡಿದ ವೃದ್ಧರು, ಬಾಣಂತಿಯರು, ಹಾವೇರಿ ರಾಣೆಬೆನ್ನೂರುಗಳ ಕಡೆಯಿಂದ ಕೆಲಸ ಹುಡುಕಿ ಬೆಂಗಳೂರು ಸೇರಿದ ಯುವಜನರು ತಮ್ಮ ಊರಿನ ಸಭೆಯ ಹಾಡನ್ನು ಕೇಳಲು ಅದನ್ನೇ ಆಶ್ರಯಿಸುತ್ತಾರೆ. ಸ್ಟ್ಯಾಂಡಿನ ಮೇಲಿದ್ದ ಫೋನಿನ ಸ್ಥಾನಕ್ಕೆ ಈಗ ದೂರನಿಯಂತ್ರಿತ ಕ್ಯಾಮೆರಾ ಬರುತ್ತಿದೆ. ಈ ಯಂತ್ರವು ಹೇಗೆ ಕೆಲಸ ಮಾಡುತ್ತದೆ, ಅದನ್ನು ಎಲ್ಲಿ ನಿಲ್ಲಿಸಬೇಕು, ಯಾರ ಕಡೆಗೆ ತಿರುಗಿಸಬಾರದು ಎಂಬುದು ತಂತ್ರಜ್ಞರಿಗೆ ಮಾತ್ರ ಬಿಡತಕ್ಕ ಪ್ರಶ್ನೆಯಲ್ಲ, ಸಭಾಪಾಲನೆಯ ಪ್ರಶ್ನೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

1. ಯಂತ್ರದ ಸ್ವರೂಪ

ಈ ಕ್ಯಾಮೆರಾವನ್ನು ಪಿಟಿಝಡ್ ಕ್ಯಾಮೆರಾ ಎನ್ನುತ್ತಾರೆ. ಪ್ಯಾನ್ ಎಂದರೆ ಎಡಬಲಕ್ಕೆ ಹೊರಳುವುದು, ಟಿಲ್ಟ್ ಎಂದರೆ ಮೇಲೆ ಕೆಳಗೆ ಬಾಗುವುದು, ಝೂಮ್ ಎಂದರೆ ದೂರದ ನೋಟವನ್ನು ಸಮೀಪಕ್ಕೆ ತರುವುದು. ಈ ಮೂರನ್ನೂ ಕ್ಯಾಮೆರಾದ ಬಳಿಗೆ ಹೋಗದೆ ರಿಮೋಟ್, ಜಾಯ್‌ಸ್ಟಿಕ್ ಅಥವಾ ಕಂಪ್ಯೂಟರಿನಿಂದ ನಿರ್ವಹಿಸಬಹುದು. ಮಸೂರದಿಂದಲೇ ಆಗುವ ಝೂಮ್ ಚಿತ್ರವನ್ನು ಕೆಡಿಸುವುದಿಲ್ಲ. ಚಿತ್ರವನ್ನೇ ಹಿಗ್ಗಿಸುವ ಡಿಜಿಟಲ್ ಝೂಮ್ ಅದನ್ನು ಮಸುಕಾಗಿಸುತ್ತದೆ. ಕೊಳ್ಳುವಾಗ ಮೊದಲನೆಯದನ್ನೇ ಗಮನಿಸಬೇಕು.

ಆರಾಧನೆಗೆ ಅತ್ಯಂತ ಉಪಯುಕ್ತವಾದ ಗುಣವೆಂದರೆ ‘ಪ್ರೀಸೆಟ್’. ಪ್ರಸಂಗಪೀಠ, ಕರ್ತನ ಮೇಜು, ದೀಕ್ಷಾಸ್ನಾನದ ತೊಟ್ಟಿ, ಗಾಯನವೃಂದ, ಇಡೀ ದೇವಾಲಯದ ವಿಶಾಲ ನೋಟ ಇವುಗಳನ್ನು ಮೊದಲೇ ನೆನಪಿನಲ್ಲಿ ಇರಿಸಿದರೆ, ಒಂದು ಗುಂಡಿ ಒತ್ತಿದೊಡನೆ ಕ್ಯಾಮೆರಾ ತಾನಾಗಿ ಆ ನೋಟಕ್ಕೆ ಹೊರಳುತ್ತದೆ.

ತಂತಿಯ ವಿಷಯದಲ್ಲಿ ಎಚ್ಚರ ಅಗತ್ಯ. ಸಾಧಾರಣ ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರ್ ದಾಟಿದರೆ ನಂಬಿಕೆಗೆ ಯೋಗ್ಯವಲ್ಲ. ನೆಟ್‌ವರ್ಕ್ ತಂತಿ 100 ಮೀಟರಿನವರೆಗೆ ಚಿತ್ರವನ್ನೂ ಆಜ್ಞೆಯನ್ನೂ, ಸೂಕ್ತ ಸ್ವಿಚ್ ಇದ್ದರೆ ವಿದ್ಯುತ್ತನ್ನೂ ಒಯ್ಯಬಲ್ಲದು. ಹೆಚ್ಚು ಸ್ಪಷ್ಟತೆಯ 1080 ಮಟ್ಟದ ಚಿತ್ರವನ್ನು ಕಳುಹಿಸಲು ಸೆಕೆಂಡಿಗೆ ಸುಮಾರು 4ರಿಂದ 6 ಮೆಗಾಬಿಟ್ ಅಪ್‌ಲೋಡ್ ವೇಗ ಬೇಕು. 4 ಮೆಗಾಬಿಟ್ ವೇಗದಲ್ಲಿ ಒಂದೂವರೆ ಗಂಟೆಯ ಆರಾಧನೆಗೆ ಸುಮಾರು 2.7 ಗಿಗಾಬೈಟ್ ದತ್ತಾಂಶ ವ್ಯಯವಾಗುತ್ತದೆ. ಹಳ್ಳಿಯ ಸಭೆಗೆ 720 ಮಟ್ಟವೇ ಸಾಕು. ನೋಡುವ ಬಡವರ ಡೇಟಾ ಸಹ ಉಳಿಯುತ್ತದೆ. ಕರೆಂಟ್ ಹೋಗುವ ಊರಿನಲ್ಲಿ ಕ್ಯಾಮೆರಾ, ಕಂಪ್ಯೂಟರ್, ರೌಟರ್, ಮಿಕ್ಸರ್ ನಾಲ್ಕೂ ಒಂದೇ ಯುಪಿಎಸ್ ಮೇಲಿರಬೇಕು. ರೌಟರನ್ನು ಮರೆತರೆ ಉಳಿದ ಮೂರೂ ವ್ಯರ್ಥ.

ಎಲ್ಲಕ್ಕಿಂತ ಮುಖ್ಯವಾದುದು ಧ್ವನಿ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ವಾಕ್ಯವನ್ನು ಸಹಿಸಲಾರರು. ಮಿಕ್ಸರಿನಿಂದ ಪ್ರಸಾರಕ್ಕೆ ಪ್ರತ್ಯೇಕ ಧ್ವನಿಯನ್ನು ಕೊಟ್ಟು, ಸಭೆಯ ಗಾಯನವನ್ನು ಹಿಡಿಯಲು ಇನ್ನೊಂದು ಮೈಕನ್ನು ಇರಿಸಬೇಕು. ಮನೆಯಲ್ಲಿ ಒಂಟಿಯಾಗಿ ಕುಳಿತವರಿಗೆ ಸಾಂತ್ವನವಾಗುವುದು ತನ್ನವರೆಲ್ಲ ಒಟ್ಟಾಗಿ ಹಾಡುವ ದನಿ.

2. ಕಾಣದ ಕೈ

ಪ್ರಸಾರವೂ ಆರಾಧನೆಯೂ ಮೊದಲು ಸಂಧಿಸಿದ್ದು 1921ರ ಜನವರಿ 2ರಂದು. ಅಮೆರಿಕದ ಪಿಟ್ಸ್‌ಬರ್ಗಿನ ಕ್ಯಾಲ್ವರಿ ಎಪಿಸ್ಕೋಪಲ್ ದೇವಾಲಯದ ಆರಾಧನೆಯನ್ನು ಕೆಡಿಕೆಎ ಆಕಾಶವಾಣಿ ಅಂದು ಬಿತ್ತರಿಸಿತು. ಸಭೆಯ ಗಮನ ಚದುರದಿರಲೆಂದು ಅಲ್ಲಿನ ತಂತ್ರಜ್ಞರು ಗಾಯನವೃಂದದ ನಿಲುವಂಗಿಯನ್ನೇ ತೊಟ್ಟಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ಸಂವಿಧಾನವು ತನ್ನ 20ನೆಯ ಪರಿಚ್ಛೇದದಲ್ಲಿ ಪ್ರಸಾರವು ವಿವೇಕದಿಂದಲೂ ಘನತೆಯಿಂದಲೂ ನಡೆಯಬೇಕೆಂದು ವಿಧಿಸಿ, ಅದನ್ನು ಧರ್ಮಾಧ್ಯಕ್ಷರು ನೇಮಿಸಿದ ಯೋಗ್ಯ ವ್ಯಕ್ತಿಯ ಹೊಣೆಗೆ ಒಪ್ಪಿಸಿತು.

ದೂರನಿಯಂತ್ರಿತ ಕ್ಯಾಮೆರಾ ಈ ಹಳೆಯ ಕಾಳಜಿಗೆ ಉತ್ತರ ನೀಡುತ್ತದೆ. ನಡುಹಾದಿಯಲ್ಲಿ ಓಡಾಡುವ ಕ್ಯಾಮೆರಾಮನ್, ಪ್ರಾರ್ಥಿಸುವವರ ಮುಂದೆ ಬಾಗುವ ಅವನ ಬೆನ್ನು, ಬೆಳಗುವ ದೀಪ ಇವು ಇಲ್ಲವಾಗುತ್ತವೆ. ಆದರೆ ಕೈ ಕಾಣಿಸದಾದಾಗ ಅದರ ಅಧಿಕಾರ ಇಲ್ಲವಾಗುವುದಿಲ್ಲ. ಯಾರು ಕಾಣಬೇಕು, ಎಷ್ಟು ಹೊತ್ತು ಕಾಣಬೇಕು ಎಂದು ನಿರ್ಣಯಿಸುವವರು ಆ ಕೋಣೆಯಲ್ಲಿ ಕುಳಿತವರು. ಆದುದರಿಂದ ಅವರಿಗೆ ಆರಾಧನಾ ಕ್ರಮದ ಅರಿವು ಇರಬೇಕು. ಶನಿವಾರವೇ ಕ್ರಮದ ಪ್ರತಿಯಲ್ಲಿ ಪ್ರತಿ ಭಾಗಕ್ಕೂ ಒಂದು ನೋಟವನ್ನು ಸಭಾಪಾಲಕರೊಡನೆ ಗುರುತಿಸಿಕೊಳ್ಳುವುದು ಉತ್ತಮ. ಸರದಿಯ ಮೇಲೆ ಇಬ್ಬರು ಮೂವರು ಈ ಸೇವೆಯನ್ನು ಹಂಚಿಕೊಂಡರೆ ಯಾರೂ ಪ್ರತಿ ಭಾನುವಾರ ಕರ್ತನ ಮೇಜಿನಿಂದ ದೂರ ಉಳಿಯುವುದಿಲ್ಲ.

3. ಕ್ಯಾಮೆರಾ ಯಾರ ಕಣ್ಣು?

ಛಾವಣಿಯ ಮೂಲೆಯಿಂದ ಕೆಳಮುಖವಾಗಿ ನೋಡುವ ಕ್ಯಾಮೆರಾ ಕಾವಲಿನ ಕಣ್ಣಾಗುತ್ತದೆ. ಹಿಂದಿನ ಗೋಡೆಯ ಬಳಿ, ನಿಂತ ಮನುಷ್ಯನ ತಲೆಗಿಂತ ಸ್ವಲ್ಪ ಮಾತ್ರ ಮೇಲೆ ಇರಿಸಿದರೆ ಅದು ಕಡೆಯ ಬೆಂಚಿನ ಆರಾಧಕರ ಕಣ್ಣಾಗುತ್ತದೆ. ದಕ್ಷಿಣ ಭಾರತ ಸಭೆಯ 1950ರ ಪ್ರಭುಭೋಜನ ಕ್ರಮವು ಅಧ್ಯಕ್ಷತೆ ವಹಿಸುವ ಬೋಧಕರು ಮೇಜಿನ ಹಿಂದೆ ಜನರಿಗೆ ಅಭಿಮುಖವಾಗಿ ನಿಲ್ಲುವುದಕ್ಕೆ ಅವಕಾಶ ಕೊಟ್ಟಿತು. ಆ ಕ್ರಮಕ್ಕೆ ಈ ಸ್ಥಾನ ಚೆನ್ನಾಗಿ ಹೊಂದುತ್ತದೆ. ರೊಟ್ಟಿ ಮುರಿಯುವಾಗ ನೋಟವು ಮೇಜಿನ ಮೇಲಿರಲಿ, ಬೋಧಕರ ಮುಖಭಾವದ ಮೇಲಲ್ಲ. ಮೌನ ಪ್ರಾರ್ಥನೆಯಲ್ಲಿ ಕ್ಯಾಮೆರಾವೂ ಅಲುಗದಿರಲಿ.

4. ನಿಕೊದೇಮನ ಮುಖ

ಇಲ್ಲಿ ಅತ್ಯಂತ ಗಂಭೀರವಾದ ವಿಷಯಕ್ಕೆ ಬರುತ್ತೇವೆ. ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದ ನಿಕೊದೇಮನು ರಾತ್ರಿಯಲ್ಲಿ ಬಂದನು. ಯೇಸು ಅವನನ್ನು ಹಗಲಿಗೆ ಎಳೆಯಲಿಲ್ಲ. ಆ ರಾತ್ರಿಯಲ್ಲಿಯೇ ಮಾತನಾಡಿದನು. ನಮ್ಮ ದೇವಾಲಯಗಳಿಗೂ ಮನೆಯವರಿಗೆ ತಿಳಿಸದೆ ಬಂದು ಕಂಬದ ಮರೆಯಲ್ಲಿ ಕೂಡುವವರಿದ್ದಾರೆ. ಗಂಡನ ಮನೆಯಿಂದ ಹೊರಬಿದ್ದು ನೆಮ್ಮದಿಗಾಗಿ ಬರುವವರಿದ್ದಾರೆ. ಹತ್ತು ಸೆಕೆಂಡಿನ ಸಮೀಪ ನೋಟ ಅವರ ಬದುಕನ್ನೇ ಅಲುಗಿಸಬಲ್ಲದು. ಚಿಕ್ಕ ಊರಿನಲ್ಲಿ ಮುಖಕ್ಕೆ ಹೆಸರು ಹೇಳಬೇಕಾಗಿಲ್ಲ.

ಆದಕಾರಣ ಕೆಲವು ನಿಯಮಗಳನ್ನು ಸಭಾ ಸಮಿತಿಯು ಲಿಖಿತವಾಗಿ ಅಂಗೀಕರಿಸಬೇಕು. ಕ್ಯಾಮೆರಾ ಜನರ ಬೆನ್ನನ್ನು ಮಾತ್ರ ಕಾಣಲಿ. ಒಂದು ಪಕ್ಕದ ಬೆಂಚುಗಳು ಯಾವ ಪ್ರೀಸೆಟ್‌ಗೂ ಸೇರದಿರಲಿ. ಆ ಸ್ಥಳ ಯಾವುದೆಂದು ಬಾಗಿಲಲ್ಲಿಯೇ ಸೂಚನೆ ಇರಲಿ. ಪಾಪನಿವೇದನೆಗಾಗಿ ಮುಂದೆ ಬಂದು ಅಳುವವರನ್ನೂ ಸ್ವಸ್ಥತೆಗಾಗಿ ಪ್ರಾರ್ಥನೆ ಕೋರಿದವರ ಹೆಸರು ಮತ್ತು ರೋಗವನ್ನೂ ಪ್ರಸಾರ ಮಾಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ ಪಾಲಕರ ಸಮ್ಮತಿಯನ್ನು ಬೇಡುತ್ತದೆ. ಭಾನುವಾರ ಶಾಲೆಯ ಕಾರ್ಯಕ್ರಮವನ್ನು ತೋರಿಸುವ ಮುನ್ನ ಇದನ್ನು ಮರೆಯಬಾರದು. ಆದರೂ ಕಾಯಿದೆಯ ಭಯ ಇದರ ಮೂಲವಲ್ಲ. ಕುರಿಯನ್ನು ಕಾಯುವವರು ಅದನ್ನು ಬಯಲಿಗೆ ತೋರಿಸಿಕೊಡಲಾರರು.

5. ಕಿಂಡಿಯಿಂದ ಸಾಗದ ರೊಟ್ಟಿ

ವಾಕ್ಯ ಕಿಂಡಿಯ ಮೂಲಕ ಸಾಗುತ್ತದೆ. ಪೌಲನು ಪತ್ರಗಳ ಮೂಲಕವೇ ದೂರದ ಸಭೆಗಳನ್ನು ಕಟ್ಟಿದನು. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (2:17) ತಾನು ದೇಹದಿಂದ ಅಗಲಿದ್ದರೂ ಹೃದಯದಿಂದ ಅಗಲಿಲ್ಲವೆಂದು ತಿಳಿಸಿದರೂ, ಅವರ ಮುಖವನ್ನು ಕಾಣುವ ಹಂಬಲವನ್ನು ಅವನು ಬಿಡಲಿಲ್ಲ. ಯೋಹಾನನ ಎರಡನೆಯ ಪತ್ರ (12) ಕಾಗದ ಮಸಿಗಳನ್ನು ಬದಿಗಿಟ್ಟು ಮುಖಾಮುಖಿ ಮಾತನಾಡಲು ಬಯಸುತ್ತದೆ. ಮಾಧ್ಯಮವನ್ನು ಬಳಸಿಯೂ ಅದರಲ್ಲಿ ತೃಪ್ತರಾಗದಿರುವುದೇ ಅಪೊಸ್ತಲರ ರೀತಿ.

ನೀರು, ರೊಟ್ಟಿ, ದ್ರಾಕ್ಷಾರಸ, ಕೈಯಿಂದ ಕೈಗೆ ಸಾಗುವ ಶಾಂತಿ ಇವು ಪರದೆಯನ್ನು ದಾಟುವುದಿಲ್ಲ. ಮನೆಯಲ್ಲಿ ತಾವೇ ಇಟ್ಟುಕೊಂಡ ರೊಟ್ಟಿಯನ್ನು ಪರದೆಯ ಮುಂದೆ ಸ್ವೀಕರಿಸುವುದರ ಕುರಿತು ಲೋಕದ ಸಭೆಗಳಲ್ಲಿ ಒಮ್ಮತವಿಲ್ಲ. ಆದರೆ ಪ್ರಾಚೀನ ಸಭೆ ತೋರಿದ ದಾರಿಯ ಕುರಿತು ವಿವಾದವಿರಲಾರದು. ಕ್ರಿ.ಶ. 155ರ ಸುಮಾರಿಗೆ ರಕ್ತಸಾಕ್ಷಿ ಜಸ್ಟಿನ್ ತನ್ನ ಮೊದಲ ಸಮರ್ಥನಾ ಗ್ರಂಥದ 67ನೆಯ ಅಧ್ಯಾಯದಲ್ಲಿ, ಬಾರದಿದ್ದವರಿಗೆ ಸಭಾಸೇವಕರು ಭೋಜನದ ಭಾಗವನ್ನು ಒಯ್ಯುತ್ತಿದ್ದರೆಂದು ದಾಖಲಿಸಿದ್ದಾನೆ. ಗೈರುಹಾಜರಾದವರಿಗೆ ಅಂದಿನ ಸಭೆ ಕೊಟ್ಟ ಉತ್ತರ ನಡೆದುಹೋಗುವ ಕಾಲುಗಳು.

ಆದುದರಿಂದ ನೇರ ಪ್ರಸಾರ ಆರಂಭಿಸುವ ಸಭೆ ಕ್ಯಾಮೆರಾದ ಜೊತೆಗೆ ಒಂದು ಪುಸ್ತಕವನ್ನೂ ಇಡಲಿ. ಬರಲಾಗದೆ ಪರದೆಯಲ್ಲಿ ನೋಡುವ ಸಭಿಕರ ಹೆಸರುಗಳು ಅದರಲ್ಲಿರಲಿ. ಪ್ರಸಾರ ಮುಗಿದ ವಾರದೊಳಗೆ ಆ ಮನೆಗಳಿಗೆ ಯಾರು ಹೋದರು ಎಂಬುದನ್ನು ಎದುರಿಗೆ ಬರೆಯಲಿ. ಎಷ್ಟು ಜನ ನೋಡಿದರು ಎಂದು ಪರದೆ ತೋರಿಸುವ ಅಂಕಿಗಿಂತ ಆ ಪುಸ್ತಕದ ಅಂಕಿ ಸಭೆಯ ಆರೋಗ್ಯವನ್ನು ನಿಜವಾಗಿ ತಿಳಿಸುತ್ತದೆ.

ಉಪಸಂಹಾರ

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಗಾಗಿ ನಾಲ್ವರು ಚಾವಣಿಯನ್ನು ಬಿಚ್ಚಿದರು. ಅವರು ಅವನಿಗೆ ಯೇಸುವನ್ನು ದೂರದಿಂದ ತೋರಿಸಿ ಮರಳಲಿಲ್ಲ. ಹಾಸಿಗೆಯೊಡನೆ ಒಳಗೆ ಇಳಿಸಿದರು. ದೂರನಿಯಂತ್ರಿತ ಕ್ಯಾಮೆರಾ ಒಳ್ಳೆಯ ಕಿಂಡಿ. ಅದನ್ನು ಶ್ರದ್ಧೆಯಿಂದ ಕೊರೆಯೋಣ, ದುರ್ಬಲರ ಮುಖವನ್ನು ಕಾಯುತ್ತ ಬಳಸೋಣ. ಆದರೆ ಕಿಂಡಿ ಇದೆಯೆಂದು ಬಾಗಿಲು ತೆರೆಯದ ಸಭೆಗೆ ಆ ಕಿಂಡಿಯೇ ವಿರುದ್ಧ ಸಾಕ್ಷಿಯಾಗಿ ನಿಲ್ಲುವುದು.