ಓದಲು ಹೋದವರ ಕಾಲಿಗೆ ರೇಡಿಯೋ ಪಟ್ಟಿ!

ಹೊಲ ಅಡವಿಟ್ಟು ಮಗನನ್ನು ಅಮೆರಿಕಕ್ಕೆ ಕಳಿಸಲು ಹೊರಟವರು ಈ ಹಳೇ ಕತೆ ಒಮ್ಮೆ ಕೇಳಬೇಕು.

ಕ್ಯಾಲಿಫೋರ್ನಿಯಾದಲ್ಲಿ ಟ್ರೈ-ವ್ಯಾಲಿ ಯೂನಿವರ್ಸಿಟಿ ಅಂತ ಒಂದಿತ್ತು. ವಿದ್ಯಾರ್ಥಿಗಳಲ್ಲಿ ಬಹುಪಾಲು ಆಗಿನ ಅವಿಭಜಿತ ಆಂಧ್ರದವರು. ಒಂದು ಸೆಮಿಸ್ಟರಿಗೆ ಫೀಸು 2,700 ಡಾಲರ್. ಹೊಸಬರನ್ನು ಕರೆತಂದ ವಿದ್ಯಾರ್ಥಿಗೆ ಅದರಲ್ಲಿ ನೂರಕ್ಕೆ 20ರವರೆಗೆ ಕಮಿಷನ್! ವಿದ್ಯೆಯೋ, ಚೈನ್ ಸ್ಕೀಮೋ? ದಾಖಲೆ ತೆಗೆದು ನೋಡಿದರೆ ಅರ್ಧಕ್ಕೂ ಹೆಚ್ಚು ಮಂದಿಯ ವಿಳಾಸ ಒಂದೇ ಅಪಾರ್ಟ್‌ಮೆಂಟು.

2011ರ ಜನವರಿಯಲ್ಲಿ ದಾಳಿಯಾಯಿತು, ಬೀಗ ಬಿತ್ತು. ಹುಡುಗರೇ ಕಳ್ಳರಾದರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಬಿಗಿದರು. ನಮ್ಮಲ್ಲಿ ಕಾಡಾನೆಗೆ ಕಾಲರ್ ಹಾಕ್ತಾರಲ್ಲ, ಹಾಗೆ. ದೆಹಲಿ ಪ್ರತಿಭಟಿಸಿತು.

ಎಲ್ಲರೂ ಮುಗ್ಧರಲ್ಲ, ನಿಜ. ಓದೋ ನೆಪದಲ್ಲಿ ದುಡಿಯೋಕೆ ಹೋದವರೂ ಇದ್ದರು. ಆದರೆ ಪರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ ಎಂದು ಆ ಸಂಸ್ಥೆಗೆ ಒಪ್ಪಿಗೆ ಕೊಟ್ಟಿದ್ದು ಅಮೆರಿಕ ಸರಕಾರವೇ. ವೀಸಾದ ಮುದ್ರೆಯೂ ಅದರದ್ದೇ. ಅದನ್ನು ನಂಬಿ ವಿಮಾನ ಹತ್ತಿದ ಹುಡುಗ ಇನ್ನೇನು ನೋಡಬೇಕಿತ್ತು, ಸ್ವಾಮಿ?

ಸಂಸ್ಥೆಯ ಒಡತಿಗೆ 2014ರಲ್ಲಿ 16 ವರ್ಷಕ್ಕೂ ಮೇಲ್ಪಟ್ಟು ಸಜೆಯಾಯಿತು. ಹುಡುಗರಲ್ಲಿ ಕೆಲವರು ಬೇರೆ ಕಾಲೇಜು ಹಿಡಿದರು. ಕೆಲವರು ಡಿಗ್ರಿಯಿಲ್ಲದೆ ಊರಿಗೆ ವಾಪಸಾದರು.