ಮುದ್ದೆ ತೂಗಿದ ಹುಡುಗಿ

ಮದ್ದೂರಿನಲ್ಲಿ ನಮ್ಮ ಮದ್ರಸದಲ್ಲಿ ಐದು ವರ್ಷ ಕಲಿತ ಹುಡುಗಿಯೊಬ್ಬಳು ಮೈಸೂರಿನಲ್ಲಿ ಆಹಾರ ಮತ್ತು ಪೋಷಣೆಯ ವಿಷಯದಲ್ಲಿ ಎಂ.ಎಸ್ಸಿ. ಓದಿ, ಈಗ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್ ತರಬೇತಿಯಲ್ಲಿದ್ದಾಳೆ. ತಂದೆ ಉಪ್ಪಿನಂಗಡಿ ಕಡೆಯಿಂದ ಬಂದು ಇಲ್ಲಿ ಅಂಗಡಿ ಹಾಕಿದವರು. ಅವಳು ಕಾಲೇಜಿಗೆ ಸೇರುವಾಗ ಅಜ್ಜಿ, "ಅಡಿಗೆ ಕಲೀಲಿಕ್ಕೆ ಯೂನಿವರ್ಸಿಟಿಗೆ ಹೋಗ್ಬೇಕಾ ಉಸ್ತಾದರೇ?" ಎಂದು ಕೇಳಿದ್ದರು. ನಾವೂ ಜೊತೆಗೆ ನಕ್ಕಿದ್ದೆವು.

ಮದ್ದೂರು ಅಂದರೆ ಬೇರೆ ಊರಿನವರಿಗೆ ವಡೆ. ಇಲ್ಲಿದ್ದವರಿಗೆ ಎಳನೀರು ಮಾರುಕಟ್ಟೆಯೂ ಹೌದು. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಎರಡು ಎಳನೀರು ಇರುತ್ತದೆ. ತರಬೇತಿಯ ಎರಡನೇ ವಾರ ಡಯಾಲಿಸಿಸ್ ರೋಗಿಯೊಬ್ಬರಿಗೆ ಅವರ ತಮ್ಮ ಹಾಗೆಯೇ ತಂದಿದ್ದರು. ಇವಳು ಓಡಿ ಹೋಗಿ ತಡೆದಳು. "ಎಳ್ನೀರೂ ಕುಡೀಬಾರ್ದು ಅಂದ್ರೆ ಇನ್ನೇನ್ ಕುಡೀಬೇಕು?" ಅಂತ ಆ ಮನುಷ್ಯ ರೇಗಿದರಂತೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಇವಳು ಅವರನ್ನು ಕೂರಿಸಿ ಇದನ್ನು ಹೇಳಿದಳು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಬೇಕೆಂದೂ ಹೇಳಿಕೊಟ್ಟಳು. ಪ್ರೀತಿಯಿಂದ ತಂದದ್ದೇ ಪ್ರಾಣಕ್ಕೆ ಬರುತ್ತಿತ್ತಲ್ಲ ಎಂದು ನಮಗೆ ಮೈ ಜುಮ್ಮೆಂದಿತು.

ಇನ್ನೊಬ್ಬರು ಮಳವಳ್ಳಿ ಕಡೆಯ ರೈತ, ಅರವತ್ತು ದಾಟಿದವರು, ಶುಗರ್ ರೋಗಿ. ಅವರ ಜೇಬಿನಲ್ಲಿ ಎಲ್ಲಿಯೋ ಕೊಟ್ಟ ಅಚ್ಚಾದ ಚೀಟಿಯಿತ್ತು. ಬೆಳಿಗ್ಗೆ ಓಟ್ಸ್, ಸಂಜೆ ಸೇಬು. "ಏನವ್ವ, ಈ ಓಟ್ಸು ಅಂದ್ರೇನು?" ಎಂದರು. ಇವಳು ಚೀಟಿ ಮಡಚಿಟ್ಟು, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ, ಎಷ್ಟು ತಿಂದಿರಿ ಎಂದು ಕೇಳಿದಳು. ಈ ಕೆಲಸ ಶುರುವಾಗುವುದೇ ಈ ಪ್ರಶ್ನೆಯಿಂದ. ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು. "ರಾಗಿ ತಾನೆ, ಎಷ್ಟು ತಿಂದ್ರೂ ಏನಾಗಕ್ಕಿಲ್ಲ" ಅಂದರು.

ಅಂದು ಸಂಜೆ ಮನೆಗೆ ಬಂದು ತಕ್ಕಡಿ ಇಟ್ಟು ಹಿಟ್ಟು ತೂಗಿ ಮುದ್ದೆ ತೊಳಸಿ ನೋಡಿದಳಂತೆ. ಅವರು ಕೈಯಲ್ಲಿ ತೋರಿಸಿದ ಗಾತ್ರಕ್ಕೆ ಒಂದಕ್ಕೆ ನೂರು ಗ್ರಾಂಗೂ ಮೇಲೆ ಹಿಟ್ಟು ಹಿಡಿಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರೂ ರಾಗಿಯಲ್ಲೇ ಹೆಚ್ಚು. ಆದರೆ ಪಿಷ್ಟದಲ್ಲಿ ರಾಗಿಗೂ ಅಕ್ಕಿಗೂ ದೊಡ್ಡ ಅಂತರವಿಲ್ಲ. ಹಾಗಾಗಿ ಮುದ್ದೆ ಬಿಡಿ ಎನ್ನಲಿಲ್ಲ. ಹೊತ್ತಿಗೆ ಒಂದು, ಅದೂ ಸಣ್ಣದು. ಸೊಪ್ಪು, ಹುರುಳಿಕಾಳಿನ ಬಸ್ಸಾರು ಜಾಸ್ತಿ. ಮುದುಕ ಒಪ್ಪಿದರು. ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದವರು. ಆ ಮಣ್ಣಿನವರಿಗೆ ಓಟ್ಸ್ ಚೀಟಿ ಕೊಟ್ಟರೆ ಜೇಬಿನಲ್ಲೇ ಇರುತ್ತದೆ.

ಈಗ ನಮ್ಮ ಕಥೆ. ನಮಗೆ ಶುಗರ್ ಬಂದು ಆರು ವರ್ಷ. ಸಕ್ಕರೆ ಬಿಟ್ಟು ಮಂಡ್ಯದ ಬೆಲ್ಲ ಹಾಕಿ ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಿದ್ದೆವು, ಒಳ್ಳೆಯದೇ ಅಂತ. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ 9 ದಾಟಿತು. "ಉಸ್ತಾದರೇ, ಬೆಲ್ಲವೂ ಹೆಚ್ಚಿನಂಶ ಸಕ್ಕರೆಯೇ" ಎಂದಳು, ತಲೆ ತಗ್ಗಿಸಿಕೊಂಡು. ರಂಜಾನ್ ವಿಷಯದಲ್ಲೂ ಎಚ್ಚರಿಸಿದಳು. ಶುಗರ್ ಇರುವವರು ಆರರಿಂದ ಎಂಟು ವಾರ ಮೊದಲೇ ಡಾಕ್ಟರನ್ನು ಕಾಣಬೇಕು, ಉಪವಾಸದಲ್ಲಿ ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದನ್ನು ಮಾತ್ರ ನಾವು ಅವಳಿಗೆ ಹೇಳಿಕೊಟ್ಟೆವು.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಐ.ಸಿ.ಎಂ.ಆರ್. ಅಧ್ಯಯನ 2023ರಲ್ಲಿ ಹೇಳಿತು. ಆದರೂ ಈ ಓದು ಏನೆಂದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಎಂ.ಎಸ್ಸಿ. ನಂತರ ಆಸ್ಪತ್ರೆಯಲ್ಲಿ ಆರು ತಿಂಗಳ ತರಬೇತಿ, ಆಮೇಲೆ ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ. ಪಾಸಾದರೆ ನೋಂದಾಯಿತ ಡಯಟಿಷಿಯನ್. ಪೋಷಣಾ ವೃತ್ತಿಯವರನ್ನು 2021ರ ಕೇಂದ್ರ ಕಾಯ್ದೆಯೂ ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿದೆ. ಇವಳಿಗೆ ತರಬೇತಿಯಲ್ಲಿ ಒಂದು ರೂಪಾಯಿ ಸಂಬಳವಿಲ್ಲ. ದಿನಾ ಮದ್ದೂರಿನಿಂದ ರೈಲು. ನಡುವೆ ಬಂದ ಸಂಬಂಧವೊಂದು, "ಆಸ್ಪತ್ರೆ ಕೆಲಸ ಬಿಡ್ತಾಳಾ?" ಎಂದು ಕೇಳಿ ಹೋಯಿತು. ಬಿಡುವುದಿಲ್ಲ ಎಂದು ಉತ್ತರ ಕೊಟ್ಟವರು ಅಜ್ಜಿಯೇ.

ಮೊನ್ನೆ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ತುಪ್ಪದನ್ನ, ಕೋಳಿ ಸಾರು. ಅಜ್ಜಿ ನಮ್ಮ ತಟ್ಟೆಗೆ ಒಂದು ಸೌಟು ಹಾಕಿ, ಮೊಮ್ಮಗಳ ಮುಖ ನೋಡಿ, ಪಾತ್ರೆ ಒಳಗೆ ತೆಗೆದುಕೊಂಡು ಹೋದರು.